ಮಿಶ್ರಿ ತಿಕ್ಕಿದ ಬಾಯಿ

ಅಕ್ಕಲಕೋಟೆಯ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು, ನಾಲಿಗೆಯನ್ನು ಒಂದು ಕಡೆ ಸರಿಸಿ ನೋಡಿ, ‘ನಾಳೆನ ಸೋಲಾಪುರಕ್ಕ ಹೋಗ್ರಿ, ಚೀಟಿ ಬರದು ಕೊಡ್ತೀನಿ’ ಎಂದಾಗ ನನಗೆ ಹೆದರಿಕೆಯಾಗಲಿಲ್ಲ. ಸೋಲಾಪುರದ ದವಾಖಾನೆಯಿಂದ ಇವರಿಗೆ ಕಮಿಷನ್ ಬರುತ್ತದೆ ಎಂದುಕೊಂಡೆ, ಅಷ್ಟೆ.

ನಾನು ಅಂಗಡಿಯವರ ಮನೆಯ ಹೆಣ್ಣು. ಹುಟ್ಟಿದ ಮನೆಯಲ್ಲೂ ಅಂಗಡಿ, ಕೊಟ್ಟ ಮನೆಯಲ್ಲೂ ಅಂಗಡಿ. ಬಸ್ ಸ್ಟ್ಯಾಂಡಿನಿಂದ ಸ್ವಾಮಿಗಳ ಗುಡಿಗೆ ಹೋಗುವ ದಾರಿಯಲ್ಲಿ ನನ್ನ ಗಂಡ ಬಸವರಾಜರ ಕಿರಾಣಿ ಅಂಗಡಿಯಿದೆ. ಒಬ್ಬರು ಇನ್ನೊಬ್ಬರನ್ನು ಮತ್ತೊಬ್ಬರ ಹತ್ತಿರ ಕಳಿಸಿದರೆ ನಡುವೆ ಯಾರ ಕೈಗೋ ಏನೋ ಬೀಳುತ್ತದೆ ಎಂಬುದನ್ನು ನೋಡುತ್ತಲೇ ದೊಡ್ಡವಳಾದೆ. ಹಾಗಾಗಿ ಚೀಟಿಯನ್ನು ಪರ್ಸಿನೊಳಗೆ ಮಡಚಿಟ್ಟು ಮನೆಗೆ ಬಂದು ಪಟಿಕದ ನೀರು ಮುಕ್ಕಳಿಸಿದೆ. ಕೆಳದವಡೆಯ ಎಡಗಡೆಯ ವಸಡಿನಲ್ಲಿ ಒಂದು ಹುಣ್ಣು. ಉಷ್ಣಕ್ಕೆ ಆದದ್ದು ಎಂದು ತುಪ್ಪ ಸವರಿದ್ದೆ, ಮಜ್ಜಿಗೆ ಕುಡಿದಿದ್ದೆ. ಅದು ಮಾಯುತ್ತಲೂ ಇರಲಿಲ್ಲ, ನೋಯುತ್ತಲೂ ಇರಲಿಲ್ಲ. ನೋಯದ ಹುಣ್ಣಿಗೆ ಯಾರು ಹೆದರುತ್ತಾರೆ?

ಮಿಶ್ರಿಯನ್ನು ನಾನು ಇಟ್ಟುಕೊಳ್ಳುತ್ತಿದ್ದದ್ದು ಅದೇ ಜಾಗದಲ್ಲಿ. ನಮ್ಮ ಕಡೆ ಮಿಶ್ರಿ ಎಂದರೆ ಕಲ್ಲುಸಕ್ಕರೆಯಲ್ಲ. ತಂಬಾಕನ್ನು ತವೆಯ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಮಗಳು ಶಿಲ್ಪಾ ಹುಟ್ಟಿದಾಗ ನನಗೆ ಹಲ್ಲುನೋವು ಬಂತು. ಅತ್ತೆ ಗುರುಬಾಯಿಯವರು ತಮ್ಮ ಡಬ್ಬಿ ಮುಂದಿಟ್ಟು, ‘ಒಂದ್ ಚೂರು ತಿಕ್ಕು, ಹಿತಾ ಅನಸ್ತದ’ ಎಂದರು. ಹಿತ ಅನಿಸಿತು. ಆಮೇಲೆ ಬೆಳಿಗ್ಗೆ ಚಹಾಕ್ಕೆ ಮೊದಲು, ಮಧ್ಯಾಹ್ನ ಉಂಡ ಮೇಲೆ, ಸಂಜೆ ಭಾಂಡಿ-ಪಾತ್ರೆ ತಿಕ್ಕುವಾಗ. ಅತ್ತೆ ಸೊಸೆ ಹಿತ್ತಲ ಕಟ್ಟೆಯ ಮೇಲೆ ಕೂತು ತೋರುಬೆರಳು ಬಾಯೊಳಗಿಟ್ಟುಕೊಂಡು ಮಾತಾಡುತ್ತಿದ್ದ ಹೊತ್ತು ಅದೊಂದೇ. ಗಂಡಸರ ಗುಟಕಾ, ಬೀಡಿ ಎಲ್ಲ ಚಟ. ನಮ್ಮದು ಹಲ್ಲು ತಿಕ್ಕುವುದು. ಪೇಟೆಯಲ್ಲಿ ಅದರ ಡಬ್ಬಿ ಬರತೊಡಗಿದ ಮೇಲೆ ತವೆಯ ಹೊಗೆಯೂ ತಪ್ಪಿತು. ಡಬ್ಬಿಯ ಮೇಲೆ ಹಲ್ಲು ತೋರಿಸಿ ನಗುವ ಹೆಣ್ಣಿನ ಚಿತ್ರವಿತ್ತು. ನಮ್ಮ ಅಂಗಡಿಯಲ್ಲೂ ಅದನ್ನೇ ಮಾರುತ್ತಿದ್ದೆವು.

ಹುಣ್ಣಿನ ಪಕ್ಕದ ಹಲ್ಲು ಅಲುಗಾಡತೊಡಗಿದಾಗ ಶಿಲ್ಪಾ ನನ್ನ ಮಾತು ಕೇಳಲಿಲ್ಲ. ಅವಳು ಸೋಲಾಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ‘ನಾಳೆ ನನ್ನ ಜೋಡಿ ಬಾ ಅವ್ವಾ, ಇಲ್ಲಾಂದ್ರ ನಾನೂ ಹೋಗಂಗಿಲ್ಲ’ ಎಂದು ಕೂತುಬಿಟ್ಟಳು.

ಸೋಲಾಪುರದ ಆ ದವಾಖಾನೆಯ ಹೊರಗಿನ ಕೋಣೆಯಲ್ಲಿ ಉದ್ದಕ್ಕೆ ಕಬ್ಬಿಣದ ಕುರ್ಚಿಗಳು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದಿದ್ದರು, ಗಂಡಸರು ಟವೆಲು. ಒಬ್ಬರೂ ಮಾತಾಡುತ್ತಿರಲಿಲ್ಲ. ಆದರೆ ಪ್ರತಿಯೊಬ್ಬರೂ ಪಕ್ಕದವರ ಸೆರಗಿನ ಹಿಂದೆ ಏನಿದೆ ಎಂದು ಅಳೆಯುತ್ತಿದ್ದರು. ನಾನೂ ಅಳೆದೆ. ನನ್ನ ಪಕ್ಕ ಕೂತ ಹೆಣ್ಣುಮಗಳೊಬ್ಬಳು ಮೆಲ್ಲಗೆ, ‘ತುಣಕ ತಗೀತೀವಿ ಅಂತಾರ, ಕೊಡಬ್ಯಾಡ. ಕತ್ರಿ ಮುಟ್ಟಿದ್ರ ಹರಡ್ತದ’ ಎಂದಳು. ಅವಳ ಮಾತು ನಾನು ನಂಬಿದೆ, ಯಾಕೆಂದರೆ ಅವಳಿಗೆ ಅದರಿಂದ ಏನೂ ಸಿಗುವಂತಿರಲಿಲ್ಲ. ಎದ್ದು ಬಾಗಿಲವರೆಗೆ ಹೋದೆ. ಶಿಲ್ಪಾ ನನ್ನ ರಟ್ಟೆ ಹಿಡಿದು, ‘ಆಕಿ ಯಾಕ ಮತ್ತ ಇಲ್ಲೇ ಕುಂತಾಳ?’ ಎಂದಳು. ಮರಳಿ ಬಂದು ಕೂತೆ.

‘ತಂಬಾಕು ತಿಂತೀರೇನು?’ ಎಂದರು ಒಳಗಿನ ಡಾಕ್ಟರು.

‘ಇಲ್ರಿ.’

ಅವರು ನನ್ನ ಹಲ್ಲು ನೋಡಿದರು. ‘ಮಿಶ್ರಿ?’

‘ಅದೇನ್ ತಂಬಾಕಲ್ಲಲ್ರಿ’ ಎಂದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ಅವರು ಕೈಗವಸು ಬದಲಾಯಿಸಿಕೊಂಡರು. ತಪಾಸಣೆಗೆಂದು ಹುಣ್ಣಿನ ತುಣುಕು ತೆಗೆದುಕೊಂಡರು.

ವರದಿ ಬಂದ ದಿನ ಗಂಡನೂ ಜೊತೆಗಿದ್ದರು. ಡಾಕ್ಟರು ಅವರ ಕಡೆ ನೋಡಿ ಮರಾಠಿಯಲ್ಲಿ, ‘ಜರಾ ಬಾಹೇರ್ ಯಾ’ ಎಂದರು. ಹೊರಗೆ ಬನ್ನಿ ಎಂದರೆ ಏನೆಂದು ನನಗೆ ಗೊತ್ತು. ನಾನೂ ಎದ್ದು ಬಾಗಿಲಿಗೆ ಅಡ್ಡ ನಿಂತೆ.

‘ಬಾಯಿ ನಂದದ. ಏನ್ ಹೇಳೂದದ, ನನ್ನ ಮುಂದ ಹೇಳ್ರಿ.’

ಅವರು ಹೇಳಿದರು. ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ನಾನು ಗೋಡೆಯ ಮೇಲಿನ ಪಟ ನೋಡುತ್ತ, ಈ ದವಾಖಾನೆಯವರು ಬಂದವರಿಗೆಲ್ಲ ಹೀಗೇ ಹೇಳುತ್ತಾರೋ ಏನೋ ಎಂದುಕೊಂಡೆ. ಇನ್ನೊಂದು ದವಾಖಾನೆಗೆ ಹೋದೆವು. ಅಲ್ಲಿಯವರೂ ಅದನ್ನೇ ಹೇಳಿದರು. ಎರಡೂ ಕಡೆ ಮಾತು ಒಂದೇ ಆದಾಗ ಇವರಿಬ್ಬರೂ ಒಂದಾಗಿದ್ದಾರೆ ಎಂದು ಮನಸ್ಸು ಒಂದು ದಿನ ವಾದಿಸಿತು. ಮರುದಿನ ಆ ವಾದಕ್ಕೂ ಬಲ ಉಳಿಯಲಿಲ್ಲ.

ಆಪರೇಷನ್ನಿನಲ್ಲಿ ಎಡದವಡೆಯ ಮೂಳೆಯ ಒಂದು ಭಾಗ, ವಸಡು, ಕೆನ್ನೆಯ ಒಳಗಿನ ಮಾಂಸ ತೆಗೆದರು. ಎದೆಯ ಮೇಲಿನ ಮಾಂಸ, ಚರ್ಮ ತಂದು ಆ ಜಾಗ ತುಂಬಿದರು. ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಬಾಯಿ ನನ್ನದಲ್ಲ. ಮಾತಾಡಬಾರದೆಂದು ಬರೆಯಲು ಒಂದು ಪಾಟಿ ಕೊಟ್ಟರು. ನನಗೆ ಬರೆಯಲು ಬರುವುದು ಕನ್ನಡ. ಶಿಲ್ಪಾ ಓದಿದ್ದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಮಾತಾಡುವ ಕನ್ನಡವನ್ನು ಅಕ್ಷರದಲ್ಲಿ ಕಂಡರೆ ಅವಳಿಗೆ ಗೊತ್ತಾಗುವುದಿಲ್ಲ. ಹೀಗಾಗಿ ನಾನು ಬರೆದದ್ದನ್ನು ಗಂಡ ಓದಿ ನರ್ಸಿಗೆ ಹೇಳಬೇಕು.

‘ಕೆನ್ನಿ ಎಷ್ಟು ತಗದಾರ, ಕೇಳ್ರಿ’ ಎಂದು ಬರೆದೆ. ಗಂಡ ಓದಿ, ನರ್ಸಿನ ಹತ್ತಿರ ಹೋಗಿ ನನಗೆ ಕೇಳಿಸದಂತೆ ಮರಾಠಿಯಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಅವಳು ನಳಿಕೆಯಲ್ಲಿ ಬಿಡಲು ಹಾಲು ತಂದಳು. ಮತ್ತೆ ಬರೆದೆ: ‘ಕನ್ನಡಿ ಕೊಡ್ರಿ.’ ಗಂಡ ಓದಿದರು. ನರ್ಸು ಬಂದು ದಿಂಬು ಎತ್ತರಿಸಿದಳು. ಇವರು ನಾನು ಬರೆದದ್ದನ್ನು ಬಿಟ್ಟು ತಮಗೆ ತಿಳಿದದ್ದು ಓದುತ್ತಿದ್ದಾರೆ ಎಂದು ಗೊತ್ತಾಯಿತು. ಸಿಟ್ಟಿನಿಂದ, ‘ಸುಳ್ಳು ಓದಬ್ಯಾಡ್ರಿ’ ಎಂದು ದೊಡ್ಡದಾಗಿ ಬರೆದು ಹಿಡಿದೆ. ಅವರು ಅದನ್ನು ಓದಿದರು. ಆಮೇಲೆ ಹಾಸಿಗೆಯ ಅಂಚಿಗೆ ಕೂತು, ‘ನನಗ ಕೇಳಾಕ ಧೈರ್ಯ ಆಗವಲ್ದು ಕಲಾ’ ಎಂದರು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಅವರು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಮನೆಗೆ ಬಂದ ಮೇಲೆ ನೋಡಿದರೆ ನನ್ನ ಲೋಟ, ತಾಟು ಬೇರೆ ಗೂಡಿನಲ್ಲಿದ್ದವು. ಅತ್ತೆಯ ಕೆಲಸ. ‘ನಿನಗ ಸ್ವಚ್ಛ ಇರ್ಲಿ ಅಂತ ಬ್ಯಾರೆ ಇಟ್ಟೀನಿ’ ಎಂದರು. ಅವರ ಮಾತಿನ ಧಾಟಿ ನನಗೆ ಸರಿಬರಲಿಲ್ಲ. ಓಣಿಯ ಹೆಂಗಸರು ಮಾತಾಡಿಸಲು ಬಂದವರು ಹೊಸ್ತಿಲ ಹೊರಗೇ ನಿಂತು, ‘ಇದು ಹತ್ತಿಕೊಳ್ಳೂದಿಲ್ಲಲ್ಲ?’ ಎಂದು ಅತ್ತೆಯನ್ನು ಕೇಳುತ್ತಿದ್ದರು. ಕೇಳಿಸದಂತೆ ಕೇಳುತ್ತಿದ್ದರು. ಬಾಯಿ ಹೋದ ಮೇಲೆ ನನ್ನ ಕಿವಿ ಚುರುಕಾಗಿತ್ತು.

ಆಮೇಲೆ ಕರೆಂಟ್, ಅಂದರೆ ರೇಡಿಯೇಶನ್, ಕೊಡುವುದು ಶುರುವಾಯಿತು. ದಿನವೂ ಸೋಲಾಪುರಕ್ಕೆ ಹೋಗಿ, ಯಂತ್ರದ ಕೆಳಗೆ ಮಲಗಿ, ಸಂಜೆ ವಾಪಸು ಬರುವುದು. ಬಾಯೊಳಗೆ ಬೆಂಕಿ ಇಟ್ಟಂತೆ. ಉಗುಳು ನುಂಗಲೂ ಆಗದು. ಸಂಜೆಯ ಬಸ್ಸಿನಲ್ಲಿ ವಳಸಂಗದ ಹೆಣ್ಣುಮಗಳೊಬ್ಬಳು ಇರುತ್ತಿದ್ದಳು. ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದು ಅವಳು ಕಂಡಕ್ಟರನ ಜೊತೆ ಆಡಿದ ಮಾತಿನಿಂದ ತಿಳಿಯಿತು. ನನ್ನನ್ನು ಕಂಡ ಎರಡನೆಯ ದಿನದಿಂದ ಕಿಟಕಿ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟು ಜಾಗ ಹಿಡಿದಿರುತ್ತಿದ್ದಳು. ನಾನು ಬಂದ ಕೂಡಲೇ ಚೀಲ ಎತ್ತಿಕೊಳ್ಳುವಳು. ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಇವಳಿಗೆ ನನ್ನಿಂದ ಏನೋ ಬೇಕಾಗಿದೆ, ಇಂದಲ್ಲ ನಾಳೆ ಕೇಳುತ್ತಾಳೆ ಎಂದು ಕಾಯುತ್ತಿದ್ದೆ. ವಳಸಂಗ ಬರುವುದು, ಅವಳು ಇಳಿಯುವುದು. ಚಿಕಿತ್ಸೆ ಮುಗಿಯುವವರೆಗೂ ಅವಳು ಏನನ್ನೂ ಕೇಳಲೇ ಇಲ್ಲ. ಅವಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಕೇಳುವವಳು ಇನ್ನೊಬ್ಬಳು ಬಂದಳು. ಯಂತ್ರದ ಕೋಣೆಯ ಹೊರಗೆ ಸರದಿಗಾಗಿ ಕೂತಿದ್ದಾಗ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಪಕ್ಕ ಕೂತು, ‘ಮಾವಶಿ, ನಾನು ನಸರೀನ್. ಸೋಲಾಪುರದಾಗ ಸಾಲಿ ಕಲಸ್ತೀನಿ. ನಿಮ್ಮ ಜೋಡಿ ಎರಡು ಮಾತಾಡ್ಲಿ?’ ಎಂದಳು. ವಿಮೆಯವಳು ಎಂದುಕೊಂಡೆ. ಅಲ್ಲ. ಔಷಧದ ಕಂಪನಿಯವಳೇ? ಅದೂ ಅಲ್ಲ. ತಂಬಾಕಿನ ವಿರುದ್ಧ ಕೆಲಸ ಮಾಡುವ ಒಂದು ಗುಂಪಂತೆ. ಇಲ್ಲಿಯದಷ್ಟೇ ಅಲ್ಲ, ಬೇರೆ ಬೇರೆ ದೇಶಗಳಲ್ಲಿ ಇಂಥ ಸಣ್ಣ ಸಣ್ಣ ಗುಂಪುಗಳಿವೆಯಂತೆ; ರೋಗಿಗಳು, ಅವರ ಮನೆಯವರು, ಮಾಸ್ತರರು ಸೇರಿಕೊಂಡು ನಡೆಸುವಂಥವು.

‘ಹೊರದೇಶದಾಗ ದೊಡ್ಡ ಸಭಾ ಆಗ್ತದ ಮಾವಶಿ. ಎಲ್ಲಾ ಸರಕಾರದವರು ಕೂಡ್ತಾರ. ತಂಬಾಕಿನ ಕಾಯದೆ ಹ್ಯಾಂಗಿರಬೇಕು ಅಂತ ಅಲ್ಲಿ ಮಾತಾಗ್ತದ. ಸಿಗರೇಟು, ಬೀಡಿ, ಗುಟಕಾ ಎಲ್ಲರ ಬಾಯಾಗ ಬರ್ತಾವ. ಹೆಣ್ಮಕ್ಕಳು ಹಲ್ಲಿಗಿ ತಿಕ್ಕೂದರ ಸುದ್ದಿ ಯಾರೂ ತಗೀವಲ್ರು. ನೀವು ಹೇಳ್ರಿ. ನಾವು ರೆಕಾರ್ಡ್ ಮಾಡಿ ಅಲ್ಲಿ ಕೇಳಸ್ತೀವಿ.’

‘ನಿನಗ ಯಾರು ಪಗಾರ ಕೊಡ್ತಾರ?’ ನನ್ನ ಮಾತು ಆಗ ಅರ್ಧ ಗಾಳಿಯಾಗಿ ಹೋಗುತ್ತಿತ್ತು. ಎರಡು ಸಲ ಕೇಳಬೇಕಾಯಿತು.

‘ಪಗಾರ ಸಾಲಿದು. ಇದಕ್ಕ ಯಾರೂ ಕೊಡಂಗಿಲ್ಲ.’

ಯಾರೂ ಕೊಡದ ಕೆಲಸಕ್ಕೆ ಬಿಸಿಲಲ್ಲಿ ದವಾಖಾನೆ ಸುತ್ತುವವರನ್ನು ನಾನು ಕಂಡಿರಲಿಲ್ಲ. ನೋಡೋಣ ಎಂದು ನಂಬರು ತೆಗೆದುಕೊಂಡೆ.

ಅದಾದ ಮೇಲೆ ಒಂದು ಸಂಜೆ ನಮ್ಮ ಅಂಗಡಿಗೆ ಗುಟಕಾ, ಮಿಶ್ರಿ, ಬೀಡಿ ಮಾಲು ಹಾಕುವ ಶೇಠಜಿ ಮನೆಗೆ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು. ವರ್ಷಗಟ್ಟಲೆ ವ್ಯವಹಾರವಿದ್ದರೂ ಅವರು ಅಂಗಡಿಯ ಕಟ್ಟೆ ದಾಟಿ ಒಳಗೆ ಬಂದದ್ದು ಅದೇ ಮೊದಲು. ನಾನು ಆಪರೇಷನ್ ಆಗಿ ಮಲಗಿದ್ದಾಗ ಬಂದವರಲ್ಲ.

‘ವೈನಿ, ಯಾರೋ ಬಂದು ನಿಮ್ಮ ಫೋಟೋ ಕೇಳಾಕತ್ತಾರಂತ? ಹುಷಾರು ಇರ್ರಿ. ಆ ಮಂದಿಗೆ ಪರದೇಶದ ರೊಕ್ಕ ಬರ್ತದ. ನಿಮ್ಮ ಮಾರಿ ತೋರ್ಸಿ ಅವರು ಹೆಸರು ಮಾಡ್ಕೋತಾರ. ನಿಮಗೇನ್ ಸಿಗ್ತದ? ನಮ್ಮಂಥ ಸಣ್ಣ ಅಂಗಡಿಯವರ ಹೊಟ್ಟಿ ಮ್ಯಾಲ ಕಲ್ಲು.’

ಅವರು ಹೇಳಿದ್ದೆಲ್ಲ ನನಗೂ ಅನಿಸಿದ್ದೇ. ತಲೆಯಾಡಿಸುತ್ತಿದ್ದೆ. ಆದರೆ ನಸರೀನ್ ನನ್ನನ್ನು ಕಂಡದ್ದು ಸೋಲಾಪುರದ ದವಾಖಾನೆಯ ಒಳಗೆ. ಆ ಸುದ್ದಿ ಇವರಿಗೆ ಹೇಗೆ ಮುಟ್ಟಿತು? ಗಂಡನ ಕಡೆ ನೋಡಿದೆ. ಅವರು ಬಗ್ಗಿ ಚಹಾದ ಬಶಿಯನ್ನು ನೋಡುತ್ತಿದ್ದರು. ಅಂಗಡಿಯಲ್ಲಿ ಕೂತು ಇವರೇ ಹೇಳಿರಬೇಕು. ಸುದ್ದಿ ಎಂದು ಹೇಳಿದರೋ, ಸಲಹೆ ಕೇಳಿದರೋ, ನಾನು ಕೇಳಲಿಲ್ಲ. ಶೇಠಜಿಯನ್ನೇ ಕೇಳಿದೆ.

‘ನಿಮ್ಮ ಮನ್ಯಾಗ ಯಾರ್ ಯಾರ್ ಮಿಶ್ರಿ ತಿಕ್ತಾರ್ರಿ?’

‘ಛೇ ಛೇ!’ ಶೇಠಜಿ ಕಿವಿ ಮುಟ್ಟಿಕೊಂಡರು. ‘ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ಲ ವೈನಿ. ಹುಡುಗ್ರಿಗಿ ಗೋದಾಮಿನ ಕಡಿ ಸುದ್ಧಾ ಬಿಡೂದಿಲ್ಲ ನಾನು.’

ಅಂದ ಮೇಲೆ ತಾವು ಏನು ಅಂದೆವೆಂದು ಅವರಿಗೇ ಹೊಳೆಯಿತು. ಚಹಾ ಬೇಗ ಮುಗಿಸಿದರು. ಗಂಡ ಅವರನ್ನು ಕಳಿಸಲು ಬಾಗಿಲವರೆಗೆ ಹೋಗಲಿಲ್ಲ. ಕೂತಲ್ಲೇ ಕೂತಿದ್ದರು.

ಮರುದಿನ ನಸರೀನ್‌ಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ.

‘ನಮ್ಮ ಅಮ್ಮಿ ತಿಕ್ತಾಳ’ ಎಂದಳು. ‘ಈಗೂ ತಿಕ್ತಾಳ. ಡಬ್ಬಿ ಬಚ್ಚಿಟ್ರ ಮನಿ ತಲಿಮ್ಯಾಲ ಮಾಡ್ತಾಳ. ಊರ ಮಂದಿಗೆಲ್ಲ ಹೇಳ್ತೀನಿ, ನನ್ನ ಮನ್ಯಾಗ ನನ್ನ ಮಾತು ನಡ್ಯಂಗಿಲ್ಲ ಮಾವಶಿ.’

ನಗು ಬಂತು. ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕದ್ದು, ಹೊಲಿಗೆಯ ಜಾಗ ಎಳೆದು ಕಣ್ಣಲ್ಲಿ ನೀರು ತಂದಿತು. ಮರುಳು ಮಾಡಲು ಬಂದವಳಾಗಿದ್ದರೆ, ತಾಯಿ ಇದೇ ರೋಗದಿಂದ ಸತ್ತಳು ಎನ್ನುತ್ತಿದ್ದಳು. ಇವಳನ್ನು ಸ್ವಲ್ಪ ನಂಬಬಹುದು ಅನಿಸಿತು.

ಒಂದು ರವಿವಾರ ಅವಳ ಶಾಲೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಬೇರೆ ಬೇರೆ ದೇಶದ ಮುಖಗಳು ಸಣ್ಣ ಸಣ್ಣ ಚೌಕದಲ್ಲಿ. ಒಂದು ಚೌಕದಲ್ಲಿ ಬಾಂಗ್ಲಾದೇಶದ ಹೆಣ್ಣುಮಗಳು, ನನ್ನದೇ ವಯಸ್ಸು. ಜಮೀಲಾ ಎಂದರು. ಅವಳ ಬಂಗಾಲಿಯನ್ನು ಒಬ್ಬರು ಹಿಂದಿಗೆ ತಂದರು, ಆ ಹಿಂದಿಯನ್ನು ನಸರೀನ್ ನನಗೆ ಕನ್ನಡದಲ್ಲಿ ಹೇಳಿದಳು. ದಾರಿಯಲ್ಲಿ ಎಷ್ಟು ಸೋರಿಹೋಯಿತೋ ಎಂದು ನಾನು ಅನುಮಾನದಿಂದಲೇ ಕೇಳುತ್ತಿದ್ದೆ. ಅಷ್ಟರಲ್ಲಿ ಅವಳು ಸೆರಗು ಸರಿಸಿ ತನ್ನ ಗುಳಿಬಿದ್ದ ಬಲಗೆನ್ನೆ ತೋರಿಸಿ, ತೋರುಬೆರಳನ್ನು ಹಲ್ಲಿನ ಮೇಲೆ ಹಿಂದೆ ಮುಂದೆ ಆಡಿಸಿದಳು. ಅವರ ಕಡೆ ಅದನ್ನು ಗುಲ್ ಎನ್ನುತ್ತಾರಂತೆ. ನಾನೂ ಸೆರಗು ಸರಿಸಿ ಎಡಗೆನ್ನೆ ತೋರಿಸಿದೆ. ಮನೆಯವರು, ದವಾಖಾನೆಯವರ ಹೊರತು ಬೇರೆಯವರ ಎದುರು ನಾನು ಮುಖ ತೆರೆದದ್ದು ಅದೇ ಮೊದಲು. ಅವಳು ಏನೋ ಕೇಳಿದಳು. ಎರಡು ಭಾಷೆ ದಾಟಿ ಬಂದ ಪ್ರಶ್ನೆ: ‘ನಿನಗ ಈಗ ಖಾರ ತಿನ್ನಾಕ ಬರ್ತದೇನು?’ ಇಲ್ಲ ಎಂದು ಕೈಯಾಡಿಸಿದೆ. ಅವಳೂ ಕೈಯಾಡಿಸಿದಳು. 

ನನ್ನ ಮಾತನ್ನು ಮರಾಠಿಯಲ್ಲಿ ಹೇಳಿದರೆ ಅನುಕೂಲ ಎಂದರು. ಕನ್ನಡದಲ್ಲೇ ಹೇಳುತ್ತೇನೆ ಎಂದೆ. ಇದ್ದ ಅರ್ಧ ಬಾಯಿಯಲ್ಲಿ ಪರರ ಭಾಷೆ ಬೇಡವಾಗಿತ್ತು. ಹೇಳಿದ್ದು ಇಷ್ಟೇ: ನಾನು ಹಲ್ಲು ತಿಕ್ಕುತ್ತಿದ್ದೇನೆ ಎಂದುಕೊಂಡಿದ್ದೆ, ಡಬ್ಬಿಯ ಮೇಲೆ ನಗುವ ಹೆಣ್ಣಿತ್ತು, ನನ್ನ ಮುಖ ಇರಲಿಲ್ಲ. ಇದು ತಂಬಾಕು ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಓದಲು ಬಾರದವರಿಗೆ ಚಿತ್ರ ಹಾಕಿ, ಹೆಂಗಸರ ಬಾಯಿ ತೆರೆಸಿ ನೋಡುವವರನ್ನು ಊರಿಗೆ ಕಳಿಸಿ.

‘ಇದನ್ನ ಇಂಗ್ಲಿಷಿನ್ಯಾಗ ಏನಂತ ಬರೀತೀರಿ, ನನಗ ಮೊದಲ ತೋರಸ್ರಿ’ ಎಂದೂ ಹೇಳಿ ಬಂದೆ. ನಸರೀನ್ ಮಾತು ಉಳಿಸಿಕೊಂಡಳು. ಬರಹ ಶಿಲ್ಪಾಳ ಮೊಬೈಲಿಗೆ ಬಂತು. ಅವಳು ಓದುತ್ತ ಓದುತ್ತ ತಡೆದಳು.

‘ಅವ್ವಾ, ನೀ ಕೈ ಮುಗಿದು ಬೇಡ್ಕೋತೀನಿ ಅಂದಿದ್ದೇನು?’

‘ಇಲ್ಲ.’

‘ಇಲ್ಲಿ ಹಂಗ ಅದ. ಮತ್ತ ಓದಾಕ ಬರಲಾರದ ಬಡ ಹೆಣ್ಮಗಳು ಅಂತನೂ ಅದ.’

ನಾನು ಏಳನೆಯ ತರಗತಿ ಓದಿದವಳು. ಅಂಗಡಿಯ ಲೆಕ್ಕ ಮಾಡಿದವಳು. ನನ್ನ ಸಂಶಯ ಸುಳ್ಳಾಗಿರಲಿಲ್ಲ ಎಂದು ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಿಟ್ಟು. ನಸರೀನ್‌ಗೆ ಫೋನ್ ಹಚ್ಚಿದೆ. ‘ನಾ ಬೇಡಾಕತ್ತಿಲ್ಲ. ಕೇಳಾಕತ್ತೀನಿ. ಇದನ್ನ ಯಾರು ಸೇರಿಸ್ಯಾರ?’

ಅವಳಿಗೂ ಗೊತ್ತಿರಲಿಲ್ಲ. ಮೇಲೆ ಎಲ್ಲೋ, ಎಲ್ಲ ದೇಶದ ಮಾತು ಒಟ್ಟು ಮಾಡುವಲ್ಲಿ, ಯಾರೋ ಕೇಳುವವರ ಮನ ಕರಗಲಿ ಎಂದು ತಿದ್ದಿದ್ದರಂತೆ. ಅವಳು ಅವರ ಜೊತೆ ಜಗಳವಾಡಿದಳು. ಆ ಎರಡೂ ಮಾತು ತೆಗೆದು ಕಳಿಸಿದರು. ಶಿಲ್ಪಾ ಮತ್ತೊಮ್ಮೆ ಸಾಲು ಸಾಲು ಓದಿ ಹೇಳಿದ ಮೇಲೆಯೇ ನಾನು ಹೂಂ ಅಂದೆ.

ಸಭೆಯ ವೀಡಿಯೊ ಆಮೇಲೆ ನೋಡಿದೆ. ದೊಡ್ಡ ಸಭಾಗೃಹ, ಸೂಟು ಹಾಕಿದವರು. ನನ್ನ ಗಾಳಿ ಬೆರೆತ ಕನ್ನಡ ಅಲ್ಲಿ ಕೇಳಿಸುತ್ತಿದ್ದಾಗ ಕೆಲವರು ಮೊಬೈಲು ನೋಡುತ್ತಿದ್ದರು. ಒಬ್ಬ ಹೆಂಗಸು ಕಿವಿಯಿಂದ ಅನುವಾದದ ಯಂತ್ರ ತೆಗೆದು, ನನ್ನ ದನಿಯನ್ನೇ ಕೇಳುತ್ತ ಕೂತಿದ್ದಳು. ಇದರಿಂದ ಕಾಯದೆ ಬದಲಾಗುತ್ತದೆಯೇ? ಆಗುತ್ತದೆ ಎನ್ನುತ್ತಾಳೆ ನಸರೀನ್. ಡಬ್ಬಿಯ ಮೇಲೆ ಕಣ್ಣಾರೆ ನೋಡುವವರೆಗೆ ನಾನು ನಂಬುವುದಿಲ್ಲ ಎಂದಿದ್ದೇನೆ. ತಿಂಗಳಿಗೊಮ್ಮೆ ಮಾತ್ರ ಅವಳ ಜೊತೆ ದವಾಖಾನೆಯ ಆ ಕಬ್ಬಿಣದ ಕುರ್ಚಿಗಳ ಹತ್ತಿರ ಹೋಗುತ್ತೇನೆ. ಸೆರಗು ಹಿಡಿದವರ ಎದುರು ನನ್ನ ಸೆರಗು ತೆಗೆದು ಕೂರುತ್ತೇನೆ. ಕತ್ತರಿ ಮುಟ್ಟಿದರೆ ಹರಡುವುದಿಲ್ಲ ಎನ್ನುತ್ತೇನೆ. ನಂಬದೆ ನೋಡುತ್ತಾರೆ. ನೋಡಲಿ.

ಗಂಡ ಏನನ್ನೂ ಘೋಷಿಸಲಿಲ್ಲ. ಶೇಠಜಿಯ ಮಿಶ್ರಿ ಡಬ್ಬಿಗಳು ಖಾಲಿಯಾದ ಮೇಲೆ ಹೊಸ ಮಾಲು ತರಿಸಲಿಲ್ಲ. ಬೀಡಿ ಕಟ್ಟುಗಳು ಮೊನ್ನೆ ಮೊನ್ನೆಯವರೆಗೂ ಇದ್ದವು. ಈಗ ಆ ಹಲಗೆಯ ಮೇಲೆ ಊದಿನಕಡ್ಡಿ ಇದೆ. ನಾನು ಹೋದಾಗಲೆಲ್ಲ ಅದರ ಹಿಂದೆ ಕೈ ಹಾಕಿ ನೋಡುತ್ತೇನೆ. ಅವರು ನೋಡಿಯೂ ನೋಡದಂತೆ ಇರುತ್ತಾರೆ.

ಉಳಿದವರು ಅತ್ತೆ. ನನ್ನ ಬಾಯಿಯ ಕಡೆ ಅವರು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ಅಸಹ್ಯ ಎಂದುಕೊಂಡಿದ್ದೆ. ಒಂದು ಮುಂಜಾನೆ ಹಿತ್ತಲ ಕಟ್ಟೆಯ ಮೇಲೆ ಕೂತವರು ನನ್ನನ್ನು ಕರೆದು, ಬೆಳಕಿನ ಕಡೆ ಮುಖ ಮಾಡಿ ಬಾಯಿ ತೆರೆದರು.

‘ನಂದೂ ನೋಡು. ಒಳಗ ಒರಟ ಹತ್ತಾಕತ್ತದ.’

ಬಲಗಡೆಯ ವಸಡಿನ ಮೇಲೆ ಬಿಳಿ ಮಚ್ಚೆ.  ಸೆರಗು ಬಾಯಿಗೆ ಹಿಡಿದುಕೊಂಡು ಅವರು ಮೆಲ್ಲಗೆ, ‘ಡಬ್ಬಿ ನಿನ್ನ ಕೈಯಾಗ ಕೊಟ್ಟಾಕಿ ನಾನ. ಹ್ಯಾಂಗ ನೋಡ್ಲಿ ನಿನ್ನ ಮಾರಿ?’ ಎಂದರು. ಅಸಹ್ಯ ಎಂದು ನಾನು ಓದಿಕೊಂಡದ್ದನ್ನು ತಪ್ಪು ಓದಿಕೊಂಡಿದ್ದೆ. ಅದೇ ದಿನ ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ತುಣುಕು ತೆಗೆದು ತಪಾಸಣೆ ಮಾಡಿಸಿ, ಇನ್ನೂ ಆ ರೋಗ ಆಗಿಲ್ಲ, ಮಿಶ್ರಿ ಬಿಟ್ಟರೆ ಮಚ್ಚೆ ಕಡಿಮೆಯಾಗಬಹುದು, ಆಗಾಗ ಬಂದು ತೋರಿಸಬೇಕು ಎಂದರು.

‘ಬಿಟ್ಟೀನಿ’ ಎಂದು ಅತ್ತೆ ಅಲ್ಲೇ ಹೇಳಿಬಿಟ್ಟರು. ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ನಂಬಲಿಲ್ಲ. ಮಿಶ್ರಿ ತಿಕ್ಕುವವರ ತೋರುಬೆರಳ ತುದಿ ಕಪ್ಪಾಗಿರುತ್ತದೆ, ಸಾಬೂನಿಗೂ ಹೋಗುವುದಿಲ್ಲ. ಮರುದಿನದಿಂದ ಚಹಾ ಕೊಡುವಾಗ ಅವರ ಬೆರಳು ನೋಡತೊಡಗಿದೆ. ಕೆಲವು ದಿನ ಕಪ್ಪಿತ್ತು. ನೋಡಿ ಒಳಗೆ ಹೋಗುತ್ತಿದ್ದೆ. 

ಈಗ ನಾನು ಚಹಾ ತಂದ ಕೂಡಲೇ ಅತ್ತೆ ಬಶಿ ಕೆಳಗಿಟ್ಟು, ತೋರುಬೆರಳು ಚಾಚಿ ನನ್ನ ಕಣ್ಣಿನ ಮುಂದೆ ಹಿಡಿಯುತ್ತಾರೆ.

‘ನೋಡ್ಕೋ. ಆಮ್ಯಾಲ ಮನಸಿನ್ಯಾಗ ಇಟ್ಕೋಬ್ಯಾಡ.’

ನಾನು ಆ ಬೆರಳು ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ, ಚೆನ್ನಾಗಿ ನೋಡುತ್ತೇನೆ.